ಪಾಚಿ ಅಂದುಬಿಟ್ಟರೆ ದೂರಿಲ್ಲ

ಸೊನ್ನಲಿಗೆಯ ಸಿದ್ಧರಾಮ ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ ಕತೆ ಕನ್ನಡಿಗರಿಗೆ ಹೊಸದಲ್ಲ. ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಗುಡಿಯನ್ನು ಬಳಸಿದ ಆ ಕೆರೆಯ ದಂಡೆಗೆ ಈಗ ಊರೇ ಒತ್ತಿಕೊಂಡಿದೆ. ಇಂಥ ಕೆರೆಯಲ್ಲಿ ಜಲಪರ್ಣಿ ಎಂಬ ತೇಲುಕಳೆ ಹಬ್ಬಿದರೆ ದೂರು ಹೋಗುತ್ತದೆ, ಮೀನು ಸತ್ತು ತೇಲಿದರೆ ಸುದ್ದಿಯಾಗುತ್ತದೆ. ನೀರು ಬರಿದೇ ಹಸಿರಾದರೆ ಮರಾಠಿಯವರು ಶೇವಾಳ ಅನ್ನುತ್ತಾರೆ, ನಾವು ಪಾಚಿ ಅಂದು ಮುಂದೆ ಹೋಗುತ್ತೇವೆ.

ಆ ಹಸಿರು ಎಷ್ಟೋ ಸಲ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯ, ಅಂದರೆ ಗಿಡದಂತೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯ. 'ನೀಲಿ-ಹಸಿರು ಪಾಚಿ' ಎಂಬ ಹಳೆಯ ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆ. ಇವುಗಳಲ್ಲಿ ಕೆಲವು ವಿಷ ಕಾರುತ್ತವೆ. ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದ ನೀರು ಕುಡಿದು ಕುರಿ, ಕುದುರೆ, ನಾಯಿಗಳು ಸತ್ತದ್ದನ್ನು ಅಲ್ಲಿನ ರಸಾಯನಶಾಸ್ತ್ರಜ್ಞ ಜಾರ್ಜ್ ಫ್ರಾನ್ಸಿಸ್ 1878ರಲ್ಲೇ ಬರೆದಿದ್ದ. ನೀರಿನ ಮೇಲಿನ ಕೆನೆ ಅವನಿಗೆ ಹಸಿರು ಎಣ್ಣೆಬಣ್ಣದಂತೆ ಕಂಡಿತ್ತು. ಗುರುತು ಹಿಡಿಯಲು ಇವತ್ತಿಗೂ ಅದಕ್ಕಿಂತ ಒಳ್ಳೆಯ ಹೋಲಿಕೆ ಸಿಗುವುದಿಲ್ಲ.

ನೀರು ಹೀಗೆ ಹಸಿರಾಗುವ ಕಾರಣ ಖಚಿತವಾಗಿ ಗೊತ್ತಾಗಲು ಮತ್ತೆ ಸುಮಾರು ನೂರು ವರ್ಷ ಹಿಡಿಯಿತು. ಸರೋವರ ವಿಜ್ಞಾನಿ ಡೇವಿಡ್ ಶಿಂಡ್ಲರ್ ತಂಡದವರು 1973ರಲ್ಲಿ ಕೆನಡಾದ ಒಂದು ಸರೋವರಕ್ಕೆ ನಡುವೆ ಪರದೆ ಕಟ್ಟಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿ, ಒಂದೇ ಕಡೆ ರಂಜಕ (ಫಾಸ್ಫರಸ್) ಸೇರಿಸಿದರು. ಹಸಿರಾದದ್ದು ರಂಜಕ ಬಿದ್ದ ಅರ್ಧ ಮಾತ್ರ. ಚರಂಡಿ ನೀರು, ಬಟ್ಟೆ ಒಗೆಯುವ ಕೆಲವು ಪುಡಿಗಳು, ಹೊಲದ ಗೊಬ್ಬರ, ಇವೆಲ್ಲವುಗಳಲ್ಲೂ ಇರುವುದು ಅದೇ ರಂಜಕ. ಮನುಷ್ಯರ ಪಾಲಿಗೆ ದೊಡ್ಡ ಪೆಟ್ಟು ಬಿದ್ದದ್ದು 1996ರಲ್ಲಿ. ಬ್ರೆಜಿಲ್‌ನ ಕರುಆರುವಿನಲ್ಲಿ ಡಯಾಲಿಸಿಸ್‌ಗೆ ಬಳಸಿದ ನೀರಿನಲ್ಲಿದ್ದ ಈ ವಿಷದಿಂದ 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಎರಡು ವರ್ಷದ ನಂತರ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಮೈಕ್ರೊಸಿಸ್ಟಿನ್ ಎಂಬ ಈ ವಿಷ ಲೀಟರಿಗೆ 1 ಮೈಕ್ರೊಗ್ರಾಂ ಮೀರಬಾರದೆಂದಿತು. ನೀರು ಕುದಿಸಿದರೆ ಈ ವಿಷ ಹೋಗುವುದಿಲ್ಲ.

ಪತ್ತೆಗೆ ಒಂದು ಕೋಲು ಸಾಕು. ಎಳೆಎಳೆಯಾಗಿ ಕೋಲಿಗೆ ಸುತ್ತಿಕೊಂಡು ಮೇಲೆ ಬಂದರೆ ಹೆಚ್ಚಾಗಿ ಸಾದಾ ಪಾಚಿ. ಬಣ್ಣದಲ್ಲಿ ಅದ್ದಿದ ಹಾಗೆ ಕೋಲಿಗೆ ಬಳಿದುಕೊಂಡರೆ ಅನುಮಾನಪಡಬೇಕು. ಕೈ ಹಾಕಬೇಡಿ, ಎಮ್ಮೆ-ನಾಯಿಗಳನ್ನು ನೀರಿಗೆ ಬಿಡಬೇಡಿ.

ದೂರು ಮಹಾನಗರಪಾಲಿಕೆಗೋ ಮಾಲಿನ್ಯ ನಿಯಂತ್ರಣ ಮಂಡಳಿಗೋ ಹೋಗಬೇಕು. ಆದರೆ ಇಲ್ಲೊಂದು ತೊಡಕಿದೆ, ಬಹಳ ಜನ ಸೋಲುವುದೂ ಇಲ್ಲೇ. ಗಾಳಿಯಿಲ್ಲದ ರಾತ್ರಿ ಈ ಬ್ಯಾಕ್ಟೀರಿಯಗಳು ಮೇಲಕ್ಕೆ ತೇಲಿ, ಬೆಳಿಗ್ಗೆ ದಂಡೆಯಲ್ಲಿ ಕೆನೆಗಟ್ಟಿರುತ್ತವೆ. ಬಿಸಿಲೇರಿ ಗಾಳಿ ಎದ್ದರೆ ಚದುರಿಹೋಗುತ್ತವೆ. ಮಧ್ಯಾಹ್ನ ಊಟ ಮುಗಿಸಿ ಬಂದ ಸಾಹೇಬರಿಗೆ ಏನು ಕಂಡೀತು? ಹಾಗಾಗಿ ಬೆಳಿಗ್ಗೆಯೇ ಫೋಟೊ ತೆಗೆಯಿರಿ. ಯಾವ ದಂಡೆ, ಎಷ್ಟು ಹೊತ್ತಿಗೆ, ಹಿಂದಿನ ದಿನ ಮಳೆ ಬಂದಿತ್ತೋ ಇಲ್ಲವೋ, ಇಷ್ಟನ್ನು ಅದರ ಜೊತೆ ಬರೆದು ಕಳಿಸಿ.