ಪದಕ್ಕೂ ಬೇಕು ಎರಡನೇ ಮಳೆ

ಅಕ್ಕನ ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಮೂಡಿಗೆರೆ ಹತ್ತಿರದ ಅವರ ಮನೆಗೆ ಹೋದಾಗಲೆಲ್ಲ ಜಗಲಿಯ ಮೇಲೆ ಅದೇ ದಪ್ಪ ಪುಸ್ತಕ, ಅದೇ ಗೊಣಗಾಟ: 'ಯುಬಿಕ್ವಿಟಸ್ ಅಂದ್ರೆ ಎಲ್ಲೆಲ್ಲೂ ಇರುವ, ಎಫೆಮೆರಲ್ ಅಂದ್ರೆ ಕ್ಷಣಿಕ...' ರಾತ್ರಿಗೆ ಮೂವತ್ತು ಪದ. 'ಮಾಮ, ಮಲಗೋವಾಗ ಎಲ್ಲಾ ಬರುತ್ತೆ. ಬೆಳಿಗ್ಗೆ ಕಾಫಿ ಕುಡಿಯೋ ಹೊತ್ತಿಗೆ ಅರ್ಧ ಇರಲ್ಲ' ಅನ್ನುವುದು ಅವಳ ಗೋಳು.

ಈ ಗೋಳನ್ನು ಲೆಕ್ಕ ಹಾಕಿ ನೋಡಿದವನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್. ಅರ್ಥವೇ ಇಲ್ಲದ ಸುಮಾರು 2,300 ತುಂಡು ಪದಗಳನ್ನು ಹೊಸೆದು, ತನ್ನನ್ನೇ ಪ್ರಯೋಗದ ಇಲಿ ಮಾಡಿಕೊಂಡು ಉರುಹೊಡೆದ. ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದ. ಮರೆತ ಪಟ್ಟಿಯನ್ನು ಮತ್ತೆ ಕಲಿಯುವಾಗ ಮೊದಲ ಸಲಕ್ಕಿಂತ ಎಷ್ಟು ಶ್ರಮ ಉಳಿತಾಯವಾಯಿತು ಎಂಬುದೇ ಅವನ ಅಳತೆ. ಇಪ್ಪತ್ತು ನಿಮಿಷದ ನಂತರ ಉಳಿತಾಯ ಶೇ 58, ಗಂಟೆಗೆ ಶೇ 44, ಒಂದು ದಿನಕ್ಕೆ ಶೇ 34ರ ಆಸುಪಾಸು. ತಿಂಗಳ ಮೇಲೂ ಶೇ 21 ಇತ್ತು! ಸೋರುವುದರಲ್ಲಿ ಹೆಚ್ಚಿನದು ಮೊದಲ ದಿನವೇ. ಇನ್ನೊಂದು ಲೆಕ್ಕವಂತೂ ನನಗೆ ಬಲು ಇಷ್ಟ: ಒಂದೇ ದಿನ 68 ಸಲ ಓದಿದರೆ ಸಿಗುವ ಫಲ, ಮೂರು ದಿನಕ್ಕೆ ಹಂಚಿದಾಗ 38 ಸಲಕ್ಕೇ ಸಿಕ್ಕಿತ್ತು.

ಕಾಫಿ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹೂಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ತೋಟ ಬೆಳ್ಳಗಾಗುತ್ತದೆ, ಘಮ ರಸ್ತೆವರೆಗೂ ಬರುತ್ತದೆ. ಆದರೆ ಎರಡು-ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಹೂಮಳೆಗೆ ಬೆಂಬಲವಾಗಿ ಬೀಳುವ ಎರಡನೇ ಮಳೆ, ಬರದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಮೊದಲ ದಿನವೇ ಎರಡೂ ಮಳೆ ಸುರಿದರೆ ಪ್ರಯೋಜನವೇನು?

ಆ ಎರಡನೇ ಮಳೆ ಪುಸ್ತಕವನ್ನು ಮತ್ತೆ ತಿರುವಿಹಾಕುವುದಲ್ಲ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳಿಗೆ ಪಾಠ ಕೊಟ್ಟು, ಕೆಲವರಿಗೆ ಮತ್ತೆ ಓದಲು, ಕೆಲವರಿಗೆ ನೋಡದೆ ನೆನಪಿಸಿಕೊಂಡು ಬರೆಯಲು ಹೇಳಿದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರೇ ಮುಂದು. ವಾರದ ನಂತರ ಲೆಕ್ಕ ತಲೆಕೆಳಗಾಯಿತು. ಪುಟ ನೋಡಿದಾಗ 'ಗೊತ್ತು' ಅನ್ನಿಸುವುದು ಬೇರೆ, ಪುಟ ಮುಚ್ಚಿದಾಗ ಬಾಯಿಗೆ ಬರುವುದು ಬೇರೆ.

ಪದಕ್ಕೆ ತಗಲುಹಾಕಲು ಒಂದು ಗೂಟವೂ ಬೇಕು. 'ಪ್ರೊಕ್ರಾಸ್ಟಿನೇಟ್', ಅಂದರೆ ಕೆಲಸ ಮುಂದೂಡು, ಅವಳಿಗೆ ಎಷ್ಟು ಸಲ ಓದಿದರೂ ನಿಲ್ಲಲಿಲ್ಲ. ಅದರ ಹೊಟ್ಟೆಯೊಳಗಿನ 'ಕ್ರಾಸ್' ಲ್ಯಾಟಿನ್‌ನಲ್ಲಿ 'ನಾಳೆ' ಎಂದೆ. ಅಜ್ಜಿ ಮನೆಯ ಬಾಗಿಲಲ್ಲಿ ಹಿಂದೆ ಸುಣ್ಣದಲ್ಲಿ ಬರೆದಿರುತ್ತಿದ್ದ 'ನಾಳೆ ಬಾ' ಜ್ಞಾಪಿಸಿದೆ. 'ದೆವ್ವಕ್ಕೇ ಪ್ರೊಕ್ರಾಸ್ಟಿನೇಟ್ ಮಾಡ್ಸೋದಾ!' ಎಂದು ನಕ್ಕಳು. ಆ ಪದ ಮತ್ತೆ ಜಾರಿಲ್ಲ.

ಅರ್ಥ ಗೊತ್ತಿದ್ದರೂ ಸಾಲದು ಎಂಬುದಕ್ಕೆ ನಾನೇ ಸಾಕ್ಷಿ. ಚಿಕ್ಕಮಗಳೂರಿನಲ್ಲಿ ಹಿರಿಯ ಮೇಷ್ಟ್ರೊಬ್ಬರ ಬೀಳ್ಕೊಡುಗೆಯಲ್ಲಿ ಅವರ ಬದುಕು 'ಸಿಂಪ್ಲಿಸ್ಟಿಕ್' ಎಂದು ಮೈಕಿನಲ್ಲಿ ಹೊಗಳಿದ್ದೆ. 'ಸಿಂಪಲ್'ಗಿಂತ ಒಂದು ತೂಕ ಜಾಸ್ತಿ ಅಂದುಕೊಂಡಿದ್ದೆ. ಅದು ಆಳವಿಲ್ಲದ, ತೀರಾ ಸರಳೀಕರಿಸಿದ ವಿಚಾರಕ್ಕೆ ಹೇಳುವ ಮಾತು. ಮೇಷ್ಟ್ರು ಇಂಗ್ಲಿಷ್ ಪಾಠ ಮಾಡುತ್ತಿದ್ದವರು. ಮುಗುಳ್ನಕ್ಕು ಹಾರ ಹಾಕಿಸಿಕೊಂಡರು. ಪದ ಯಾರ ಪಕ್ಕ ಕೂರುತ್ತದೆ, ಹೊಗಳುತ್ತದೋ ಚುಚ್ಚುತ್ತದೋ ಎಂಬುದು ಪಟ್ಟಿಯಲ್ಲಿರುವುದಿಲ್ಲ; ವಾಕ್ಯಗಳಲ್ಲಿ ಹಲವು ಸಲ ಎದುರಾದರೇ ತಿಳಿಯುವುದು.

ಈಗ ಅವಳು ದಿನಕ್ಕೆ ಎಂಟೇ ಪದ ಕಲಿಯುತ್ತಾಳೆ. ಬಿಸ್ಕತ್ ಡಬ್ಬಿಯಲ್ಲಿ ರಟ್ಟಿನ ಚೀಟಿಗಳಿವೆ: ಒಂದು ಬದಿ ಪದ, ಹಿಂಬದಿ ಅವಳದೇ ವಾಕ್ಯ. ಮರುದಿನ, ಮೂರನೇ ದಿನ, ವಾರಕ್ಕೆ ಹೊರತೆಗೆಯುತ್ತಾಳೆ. ತಪ್ಪಿದ್ದು ಮತ್ತೆ ಮೊದಲ ಸಾಲಿಗೆ. ಮೊನ್ನೆ ಹೂವಿನ ಫೋಟೊ ಕಳಿಸಿ ಬರೆದಳು: 'ಮಾಮ, ತೋಟ ಎಫೆಮೆರಲ್ ಆಗಿದೆ.' ಹೂ ಎಫೆಮೆರಲ್ ಕಣೇ, ತೋಟ ಅಲ್ಲ ಎಂದು ತಿದ್ದಿದೆ.

'ಆನೆ ಬಂದು ಹೋದ್ಮೇಲೆ ನೋಡು, ತೋಟವೂ ಅಷ್ಟೇ' ಎಂದು ಉತ್ತರ ಬಂತು.