ಬಾನೆಟ್ ಮೇಲೊಂದು ಇಡ್ಲಿ ಗುಳಿ

ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಹುಡುಗರು ಕಾರ್ಕ್ ಬಾಲ್ ಆಡುತ್ತಿದ್ದರು. ಯಾರೋ ಒಬ್ಬ ಸಿಕ್ಸ್ ಎತ್ತಿದ. ಚೆಂಡು ನೇರ ನನ್ನ ಕಾರಿನ ಬಾನೆಟ್ ಮೇಲೆ. ಶಬ್ದ ಕೇಳಿ ಹೊರಗೆ ಬರುವಷ್ಟರಲ್ಲಿ ಬೀದಿ ಖಾಲಿ, ವಿಕೆಟ್ ಆಗಿದ್ದ ಇಟ್ಟಿಗೆ ಮಾತ್ರ ಉಳಿದಿತ್ತು. ಬಾನೆಟ್ ಮೇಲೆ ಇಡ್ಲಿ ತಟ್ಟೆಯ ಗುಳಿಯಷ್ಟು ಅಗಲದ ನೆಗ್ಗು. ಆಳ ಎರಡು ಮೂರು ಮಿಲಿಮೀಟರ್ ಇರಬಹುದು. ಪೇಂಟ್ ಒಂಚೂರೂ ಬಿರುಕು ಬಿಟ್ಟಿರಲಿಲ್ಲ.

"ಕುದಿಯೋ ನೀರು ಹುಯ್ರೀ ಸಾರ್, ಟಪ್ ಅಂತ ಎದ್ದು ಬರುತ್ತೆ" ಅಂದರು ಪಕ್ಕದ ಮನೆಯವರು. ವಿಡಿಯೊದಲ್ಲಿ ನೋಡಿದ್ದರಂತೆ. ಒಂದು ಬಕೆಟ್ ಹುಯ್ದೆ. ಬಾನೆಟ್ ತೊಳೆದಂತಾಯಿತು, ಅಷ್ಟೆ.

ಅವರು ನೋಡಿದ್ದು ಸುಳ್ಳಲ್ಲ. ಆದರೆ ಅದು ಬಂಪರ್ ಇರಬೇಕು. ಈಗಿನ ಬಂಪರ್‌ಗಳ ಹೊರಕವಚ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್. ಬಿಸಿ ತಾಗಿದರೆ ಮೆತ್ತಗಾಗುತ್ತದೆ, ಒಳಗಿಂದ ಕೈಯಲ್ಲಿ ಒತ್ತಿದರೆ ಹಳೆಯ ಆಕಾರಕ್ಕೆ ಬರುತ್ತದೆ. ನನ್ನ ಬಾನೆಟ್ ಉಕ್ಕಿನದು. ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ತಂದು ಅಂಟಿಸಿ ನೋಡಿದೆ, ಗಟ್ಟಿಯಾಗಿ ಹಿಡಿಯಿತು. ಕೆಲವು ಕಾರುಗಳಲ್ಲಿ ಬಾನೆಟ್ ಅಲ್ಯೂಮಿನಿಯಮ್ ಇರುತ್ತದೆ. ಅಲ್ಲಿ ಮ್ಯಾಗ್ನೆಟ್ ನಿಲ್ಲುವುದಿಲ್ಲ, ಕೆಲಸವೂ ಕಷ್ಟ.

ಉಕ್ಕಿಗೆ ಬಿಸಿನೀರು ಯಾಕೆ ನಾಟುವುದಿಲ್ಲ? 10 ಸೆಂಟಿಮೀಟರ್ ಉದ್ದದ ಉಕ್ಕನ್ನು 50 ಡಿಗ್ರಿ ಜಾಸ್ತಿ ಬಿಸಿ ಮಾಡಿದರೆ ಅದು ಹಿಗ್ಗುವುದು 0.06 ಮಿಲಿಮೀಟರ್. ಅಷ್ಟೇ ಉದ್ದದ ಉಕ್ಕು ಸುಮಾರು 0.1 ಮಿಲಿಮೀಟರ್‌ವರೆಗೆ ಎಳೆದರೂ ಬಿಟ್ಟ ತಕ್ಷಣ ಮೊದಲಿನಂತಾಗುತ್ತದೆ. ಅಂದರೆ ಬಿಸಿಯಿಂದ ಆದ ಹಿಗ್ಗು ಈ ಮಿತಿಯನ್ನೇ ದಾಟುವುದಿಲ್ಲ. ಹಿಗ್ಗಿತು, ಆರಿತು, ಮತ್ತೆ ಅದೇ ಆಕಾರ. ಬಿಸಿಯಿಂದಲೇ ನೆಗ್ಗು ಹೋಗುವಂತಿದ್ದರೆ ಏಪ್ರಿಲ್ ಬಿಸಿಲಿಗೆ ರಾಯಚೂರಿನಲ್ಲಿ ಒಂದು ಕಾರಿಗೂ ನೆಗ್ಗು ಉಳಿಯುತ್ತಿರಲಿಲ್ಲ.

ಮಿತಿ ದಾಟಿದರೆ ಏನಾಗುತ್ತದೆ ಅಂತ ನೋಡಲು ಒಂದು ತುಂಡು ಬೈಂಡಿಂಗ್ ವೈರ್ ಸಾಕು. ಅದನ್ನು ಒಂದು ಕಡೆ ಚೂಪಾಗಿ ಮಡಚಿ, ಮತ್ತೆ ನೇರ ಮಾಡಿ. ಪೂರ್ತಿ ನೇರ ಆಗೋದೇ ಇಲ್ಲ, ಅಲ್ವಾ? ಮಡಚಿದ ಜಾಗ ಹಾಗೇ ಗಂಟಿನಂತೆ ನಿಂತು, ಅದರ ಅಕ್ಕಪಕ್ಕ ಬಾಗುತ್ತದೆ. ಮಡಚಿದ ಜಾಗ ಮೊದಲಿಗಿಂತ ಗಟ್ಟಿಯಾಗಿದೆ. ಲೋಹದ ಒಳಗೆ ಪರಮಾಣುಗಳು ಸಾಲುಸಾಲಾಗಿ ಕೂತಿರುತ್ತವೆ. ಕೆಲವು ಸಾಲು ಅರ್ಧಕ್ಕೇ ನಿಂತಿರುತ್ತವೆ. ಆ ಅರ್ಧ ಸಾಲುಗಳು ಜಾರುವುದರಿಂದಲೇ ಲೋಹ ಬಾಗುತ್ತದೆ ಎಂದು 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು ವಿಜ್ಞಾನಿಗಳು ಬೇರೆಬೇರೆಯಾಗಿ ಹೇಳಿದರು. ಬಾಗಿದಷ್ಟೂ ಈ ಸಾಲುಗಳು ಒಂದಕ್ಕೊಂದು ಸಿಕ್ಕುಬೀಳುತ್ತವೆ. ಸಿಕ್ಕಾದ ಮೇಲೆ ಜಾರುವುದು ಕಷ್ಟ. ತಾಮ್ರದ ಹಂಡೆ ಬಡಿಯುವವರು ನಡುನಡುವೆ ಅದನ್ನು ಬೆಂಕಿಗೆ ಹಿಡಿಯುವುದು ಈ ಸಿಕ್ಕು ಬಿಡಿಸಲಿಕ್ಕೇ. ಪೇಂಟ್ ಇರುವ ಬಾನೆಟ್ಟಿಗೆ ಆ ಉಪಾಯ ನಡೆಯುವುದಿಲ್ಲ.

ಈಗ ನೆಗ್ಗಿಗೆ ಬರೋಣ. ಕಾರಿನ ಹೊರ ತಗಡು ಹೆಚ್ಚುಕಡಿಮೆ 0.7 ಮಿಲಿಮೀಟರ್ ದಪ್ಪ. ಅಷ್ಟು ತೆಳು ತಗಡನ್ನು ಸೈಕಲ್ ಚಕ್ರದ ಬಾಗಿಗಿಂತ ಮೆಲ್ಲಗೆ ಬಗ್ಗಿಸಿದರೆ ತಾನಾಗಿ ಸೆಟೆದು ನಿಲ್ಲುತ್ತದೆ. ಅದಕ್ಕಿಂತ ಬಿಗಿಯಾಗಿ ಬಗ್ಗಿಸಿದರೆ ಹಾಗೇ ಉಳಿಯುತ್ತದೆ. ನನ್ನ ಲೆಕ್ಕ ಅಂದಾಜಿನದು, ಉಕ್ಕಿನ ಜಾತಿ ನೋಡಿ ಬದಲಾಗುತ್ತದೆ. ನೆಗ್ಗಿನಲ್ಲಿ ಬಿಗಿಯಾಗಿ ಬಾಗಿರುವುದು ಎಲ್ಲಿ? ಚೆಂಡು ತಾಗಿದ ನಡು ಚುಕ್ಕೆ, ಮತ್ತೆ ಸುತ್ತಲೂ ಚೂರು ಉಬ್ಬಿ ನಿಂತ ಅಂಚು. ಇವೆರಡರ ನಡುವಿನ ತಗಡಿಗೆ ವಾಪಸ್ ಹೋಗಲು ಮನಸ್ಸಿದೆ. ಅಂಚಿನ ಬಳೆ ಬಿಡುತ್ತಿಲ್ಲ.

ಇಷ್ಟು ಗೊತ್ತಾದರೆ ಮನೆಮದ್ದುಗಳಲ್ಲಿ ಯಾವುದು ಎಲ್ಲಿ ನಡೆಯುತ್ತದೆ ಅಂತ ಹೇಳಬಹುದು. 10 ಸೆಂಟಿಮೀಟರ್ ಅಗಲದ ರಬ್ಬರ್ ಕಪ್‌ಗೆ ಲೆಕ್ಕದ ಪ್ರಕಾರ 80 ಕೆಜಿವರೆಗೆ ಎಳೆಯುವ ಶಕ್ತಿ ಇದೆ. ಬಾಗಿಲಿನ ಮೇಲೆ ಅಗಲವಾಗಿ, ಅಂಚು ಮಡಚದೆ ಒಳಗೆ ಹೋದ ನೆಗ್ಗು ಅದಕ್ಕೆ ಟಕ್ ಅಂತ ಈಚೆ ಬರುತ್ತದೆ. ನನ್ನ ಇಡ್ಲಿ ಗುಳಿಗೆ ಕಪ್ಪೇ ದೊಡ್ಡದು. ಅದು ಗುಳಿಯನ್ನೂ ಅಂಚನ್ನೂ ಒಟ್ಟಿಗೆ ಎಳೆಯುತ್ತದೆ, ಎರಡೂ ಇದ್ದಲ್ಲೇ ಇರುತ್ತವೆ.

ಹಾಗಾಗಿ ಅಂಟಿನ ಕಿಟ್ ತರಿಸಿದೆ. ಬಿಸಿ ಅಂಟಿನ ಗನ್, ಪ್ಲಾಸ್ಟಿಕ್ ಬಿಲ್ಲೆಗಳು, ಸ್ಕ್ರೂ ತಿರುಗಿಸಿ ಎಳೆಯುವ ಪುಟ್ಟ ಸೇತುವೆ. ಸಂಜೆ ಮಾಡುವುದು ಒಳ್ಳೆಯದು. ಕಾರನ್ನು ಪೋರ್ಟಿಕೋದ ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿದೆ. ಬಾನೆಟ್ ಮೇಲೆ ಬೆಳಕಿನ ಗೆರೆ ನೇರ ಕಾಣುತ್ತದೆ, ನೆಗ್ಗಿನ ಹತ್ತಿರ ಹಾವಿನಂತೆ ಸುತ್ತಿಕೊಳ್ಳುತ್ತದೆ. ಬೆರಳಿಗೆ ಸಿಗದ ಉಬ್ಬುತಗ್ಗು ಆ ಗೆರೆಯಲ್ಲಿ ಕಾಣುತ್ತದೆ. ಹೇರ್ ಡ್ರೈಯರ್‌ನಿಂದ ಆ ಜಾಗವನ್ನು ಚೂರು ಬೆಚ್ಚಗೆ ಮಾಡಿದೆ. ಇದು ಉಕ್ಕಿಗಲ್ಲ, ಪೇಂಟಿಗೆ. ತಣ್ಣಗಿದ್ದರೆ ಪೇಂಟ್ ಬಿರುಸು, ಬಿರುಕು ಬಿಡಬಹುದು.

ಬಿಲ್ಲೆ ಅಂಟಿಸಿ, ಅಂಟು ಆರಿದ ಮೇಲೆ ಸ್ಕ್ರೂವನ್ನು ಸ್ವಲ್ಪವೇ ಬಿಗಿ ಮಾಡಿದೆ. ಆ ಎಳೆತ ಇರುವಾಗಲೇ ಸುತ್ತಲಿನ ಉಬ್ಬಿದ ಅಂಚಿಗೆ ಮೆಲ್ಲಗೆ ತಟ್ಟಬೇಕು. ನಾನು ಬಳಸಿದ್ದು ಹಳೇ ಮರದ ಸೌಟಿನ ಹಿಡಿ, ಅಡುಗೆಮನೆಯಲ್ಲಿ ಹೇಳದೆ ತಂದದ್ದು. ಹತ್ತು ಹನ್ನೆರಡು ಸಲ ತಟ್ಟಿದ ಮೇಲೆ ಗುಳಿ ತಾನೇ ಮೇಲಕ್ಕೆ ಬಂತು. ಬಿಲ್ಲೆ ಬಿಡಿಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಸಾಕು. ಹೀಗೆ ಆರು ಸಲ. ಒಂದು ಸಲ ಆಸೆಯಿಂದ ಜಾಸ್ತಿ ಎಳೆದು ಮೊಡವೆಯಂತೆ ಉಬ್ಬಿತು. ಅದನ್ನು ತಟ್ಟಿ ಕೂರಿಸಲು ಅರ್ಧ ಗಂಟೆ ಹೋಯಿತು.

ಕೆಳಗಿಂದ ಸುತ್ತಿಗೆಯಲ್ಲಿ ಹೊಡೆದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಸುತ್ತಿಗೆ ಏಟಿಗೆ ತಗಡು ಚಪಾತಿಯಂತೆ ತೆಳ್ಳಗಾಗಿ ಹರಡುತ್ತದೆ. ಹರಡಿದ ಲೋಹಕ್ಕೆ ಹೋಗಲು ಜಾಗವಿಲ್ಲದೆ ಆಚೆ ಒತ್ತಿದರೆ ಈಚೆ, ಈಚೆ ಒತ್ತಿದರೆ ಆಚೆ. ಪೇಂಟ್ ಒಡೆದಿದ್ದರೆ, ನೆಗ್ಗು ಚೂಪಾದ ಗೆರೆಯಾಗಿದ್ದರೆ, ಬಾಗಿಲಿನ ಮಡಚಿದ ಅಂಚಿನಲ್ಲಿದ್ದರೆ ಸುಮ್ನೆ ಕೈಹಾಕದೆ ಟಿಂಕರಿಂಗ್‌ನವರಿಗೆ ಕೊಡಿ.

ರಾತ್ರಿ ನೋಡಿದರೆ ಟ್ಯೂಬ್‌ಲೈಟ್ ಗೆರೆಯಲ್ಲಿ ಒಂದು ಕಡೆ ಇನ್ನೂ ಸಣ್ಣ ನಡುಕ ಇದೆ. ಚೆಂಡು ಕಾರಿನ ಕೆಳಗೇ ಸಿಕ್ಕಿತು. ಇನ್ನೂ ಯಾರೂ ಕೇಳಿಕೊಂಡು ಬಂದಿಲ್ಲ.