ಕಾವಿಗೆ ಕೂತರೆ ಒಡೆಯುವ ಮೊಟ್ಟೆ: ಪೆರೆಗ್ರಿನ್ ಚಾಣದ ಬಗ್ಗೆ ಒಂದು ಟಿಪ್ಪಣಿ

ಹೋದ ಫೆಬ್ರವರಿಯಲ್ಲಿ ಬಳ್ಳಾರಿ ಗುಡ್ಡದ ಮೆಟ್ಟಿಲ ಮೇಲೆ ಒಂದು ಪಾರಿವಾಳ ಬಿದ್ದಿತ್ತು. ಪಾರಿವಾಳ ಅಂದರೆ ಎರಡು ರೆಕ್ಕೆ, ನಡುವೆ ಎದೆಮೂಳೆ, ಅಷ್ಟೇ. ಮೂಳೆಯ ಅಂಚಿನಲ್ಲಿ ಯಾರೋ ಕತ್ತರಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಕಚ್ಚು. ಬೆಕ್ಕಾಗಿದ್ದರೆ ಗರಿಯ ಬುಡವನ್ನೂ ಜಗಿದು ಬಿಡುತ್ತಿತ್ತು. ತಲೆ ಎತ್ತಿ ನೋಡಿದರೆ ಬಂಡೆಯ ಒಂದು ಚಾಚಿನ ಕೆಳಗೆ ಸುಣ್ಣ ಚೆಲ್ಲಿದಂತೆ ಬಿಳಿ ಗೆರೆ. ಮೇಲೆ ಕಾಗೆ ಗಾತ್ರದ ಒಂದು ಹಕ್ಕಿ. ಕಪ್ಪು ತಲೆ, ಅಳುವಾಗ ಕಾಡಿಗೆ ಕೆನ್ನೆಗೆ ಇಳಿದಂತೆ ಕಣ್ಣಿನ ಕೆಳಗೆ ಕಪ್ಪು ಪಟ್ಟೆ, ಇಟ್ಟಿಗೆ ಬಣ್ಣದ ಹೊಟ್ಟೆ.

ಅದು ಶಾಹೀನ್. ಪೆರೆಗ್ರಿನ್ ಚಾಣದ್ದೇ ಒಂದು ಉಪಜಾತಿ, ನಮ್ಮಲ್ಲೇ ವರ್ಷಪೂರ್ತಿ ಇರುತ್ತದೆ. ಚಳಿಗಾಲಕ್ಕೆ ಇನ್ನೊಂದು ಉಪಜಾತಿ ಬರುತ್ತದೆ, ಕ್ಯಾಲಿಡಸ್ ಅಂತ. ಅದರ ಹೊಟ್ಟೆ ಬೆಳ್ಳಗೆ, ಕೆನ್ನೆಯ ಪಟ್ಟೆ ಸಣ್ಣದು. ಅದು ಮರಿ ಮಾಡುವುದು ಉತ್ತರ ಧ್ರುವದ ಹತ್ತಿರದ ಟಂಡ್ರಾದಲ್ಲಿ. ಲ್ಯಾಟಿನ್‌ನಲ್ಲಿ ಪೆರೆಗ್ರಿನಸ್ ಅಂದರೆ ಅಲೆಮಾರಿ. ಆ ಹೆಸರು ಕ್ಯಾಲಿಡಸ್‌ಗೆ ಸರಿ. ನಮ್ಮ ಶಾಹೀನ್ ಮಾತ್ರ ಊರು ಬಿಡದ ಅಲೆಮಾರಿ!

ಇನ್ನೊಂದು ಮಾತು. ನೋಡಿದ ತಕ್ಷಣ ಹದ್ದಿನ ನೆಂಟ ಅನ್ನಿಸುತ್ತದೆ, ಅಲ್ವಾ? ಡಿಎನ್‌ಎ ಬೇರೆಯೇ ಹೇಳುತ್ತದೆ. ಚಾಣಗಳಿಗೆ ಹದ್ದಿಗಿಂತ ಗಿಳಿಯೇ ಹತ್ತಿರದ ಸಂಬಂಧಿ. ಕೊಲ್ಲುವ ಕ್ರಮವೂ ಬೇರೆ. ಹದ್ದು, ಬಿಜ್ಜು ಉಗುರಿನಿಂದ ಹಿಚುಕಿ ಕೊಲ್ಲುತ್ತವೆ. ಚಾಣದ ಮೇಲಿನ ಕೊಕ್ಕಿನಲ್ಲಿ ಹಲ್ಲಿನಂಥ ಒಂದು ಮೊನೆ ಇದೆ, ಅದರಿಂದ ಬೇಟೆಯ ಕತ್ತಿನ ಮೂಳೆ ಮುರಿಯುತ್ತದೆ. ಮೆಟ್ಟಿಲ ಮೇಲಿನ ಎದೆಮೂಳೆಗೆ ಆ ಕಚ್ಚು ಬಿದ್ದದ್ದೂ ಇಂಥ ಕೊಕ್ಕಿನಿಂದಲೇ.

ವೇಗದ ಬಗ್ಗೆ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. ಮೇಲಿಂದ ರೆಕ್ಕೆ ಮಡಚಿ ಎರಗುವಾಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಅಂದರೆ ಸೆಕೆಂಡಿಗೆ 80 ಮೀಟರ್‌ಗಿಂತ ಜಾಸ್ತಿ, ಮೂರು ರೈಲು ಬೋಗಿಗಿಂತ ಹೆಚ್ಚು ಉದ್ದ. ಕಣ್ಣು ಒಣಗದಂತೆ, ಧೂಳು ಕೂರದಂತೆ ಮೂರನೇ ರೆಪ್ಪೆ ಒಂದಿದೆ. ನೆನಪಿಡಿ, ಈ ವೇಗ ಎರಗುವಾಗ ಮಾತ್ರ. ನೇರವಾಗಿ ಹಾರುವಾಗ ಇಷ್ಟಿಲ್ಲ. ಹೆಚ್ಚಿನವರು ಇಲ್ಲೇ ತಪ್ಪುವುದು.

ಈಗ ಮುಖ್ಯ ವಿಷಯ, ಮೊಟ್ಟೆ. ಇಷ್ಟು ಬಲಶಾಲಿ ಹಕ್ಕಿಗೆ ಕುತ್ತು ಬಂದದ್ದು ತನ್ನ ಮೈಭಾರದಿಂದಲೇ.

ನಾನು ಚಿಕ್ಕವನಿದ್ದಾಗ ಸಿಂಧನೂರು ಕಡೆಯ ಅಜ್ಜಿ ಊರಿಗೆ ಡಿಡಿಟಿ ಹೊಡೆಯುವವರು ಬರುತ್ತಿದ್ದರು. ಪಾತ್ರೆ, ಹಾಸಿಗೆ, ಜೋಳದ ಚೀಲ ಎಲ್ಲ ಅಂಗಳಕ್ಕೆ. ಗೋಡೆಗೆ ಬೂದಿ ಬಳಿದ ಹಾಗೆ ಬಿಳಿ ಪುಡಿ, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. ಅದು ಮಲೇರಿಯಾ ಸೊಳ್ಳೆಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ, ಯುರೋಪಿನಲ್ಲಿ ಇದನ್ನೇ ಹೊಲ, ಕಾಡಿಗೆಲ್ಲ ಸುರಿದರು. ಡಿಡಿಟಿ ಒಡೆದು ಡಿಡಿಇ ಆಗುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ಹುಳ ತಿಂದ ಗುಬ್ಬಿಯಲ್ಲಿ ಸ್ವಲ್ಪ. ಅಂಥ ನೂರಾರು ಹಕ್ಕಿ ತಿಂದ ಚಾಣದಲ್ಲಿ ಬಹಳ. ಒಂದೇ ಪ್ರಾಣಿಯ ಮೈಯಲ್ಲಿ ಕೂಡುತ್ತಾ ಹೋದರೆ ಬಯೋಅಕ್ಯುಮುಲೇಶನ್, ಆಹಾರ ಸರಪಳಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ಬಯೋಮ್ಯಾಗ್ನಿಫಿಕೇಶನ್. ಎರಡನ್ನೂ ಕಲಸಬೇಡಿ.

ಚಿಪ್ಪು ಹೇಗೆ ತೆಳ್ಳಗಾಯಿತು? ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಚಿಪ್ಪುಗ್ರಂಥಿಗೆ ಬಂದಾಗ ರಕ್ತದ ಕ್ಯಾಲ್ಸಿಯಂ ಅಲ್ಲಿಗೆ ದಾಟಬೇಕು. ದಾಟಿಸುವ ಕಿಣ್ವವನ್ನು ಡಿಡಿಇ ತಡೆಯುತ್ತದೆ. ಸಿಮೆಂಟ್ ಇದೆ, ಮೇಸ್ತ್ರಿ ಇದ್ದಾನೆ, ಎತ್ತಿ ಕೊಡುವ ಆಳೇ ಇಲ್ಲ ಅಂದ ಹಾಗೆ. ಪ್ಲಾಸ್ಟರ್ ತೆಳ್ಳಗೆ ಬೀಳುತ್ತದೆ. ಹೆಣ್ಣು ಚಾಣ ಗಂಡಿಗಿಂತ ಸುಮಾರು ಮೂರನೇ ಒಂದು ಪಾಲು ದೊಡ್ಡದು, ಕಾವಿಗೆ ಹೆಚ್ಚು ಹೊತ್ತು ಕೂರುವುದೂ ಅದೇ. ಕೂತರೆ ಚಿಪ್ಪು ಪಟ್ ಅಂತ ಒಡೆಯುತ್ತದೆ. ವಿಚಿತ್ರ ಅಂದರೆ ಕೋಳಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಇದ್ದಿದ್ದರೆ ಅಡುಗೆಮನೆಯಲ್ಲೇ ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತು.

ಇದನ್ನು ಪತ್ತೆ ಮಾಡಿದ ಕಥೆ ನನಗೆ ತುಂಬ ಇಷ್ಟ. 1960ರ ಸುಮಾರಿಗೆ ಬ್ರಿಟನ್ನಿನಲ್ಲಿ ಪಾರಿವಾಳ ಸಾಕುವವರು, ಈ ಚಾಣಗಳು ಜಾಸ್ತಿಯಾಗಿ ನಮ್ಮ ಪಂದ್ಯದ ಹಕ್ಕಿ ತಿನ್ನುತ್ತಿವೆ ಅಂತ ದೂರಿದರು. ಎಣಿಸಲು ಹೋದ ಪಕ್ಷಿತಜ್ಞ ಡೆರೆಕ್ ರ‍್ಯಾಟ್‌ಕ್ಲಿಫ್‌ಗೆ ಕಂಡದ್ದು ಉಲ್ಟಾ: ಚಾಣಗಳೇ ಖಾಲಿಯಾಗುತ್ತಿದ್ದವು. ಆಮೇಲೆ ಅವರು ಹಳೇ ಮೊಟ್ಟೆ ಸಂಗ್ರಹಗಳ ಚಿಪ್ಪುಗಳನ್ನು ಅಳೆದು ತೂಗಿದರು. 1940ರ ದಶಕದ ಕೊನೆಯಿಂದ ಚಿಪ್ಪು ಸುಮಾರು ಐದರಲ್ಲಿ ಒಂದು ಪಾಲು ಹಗುರವಾಗಿತ್ತು. 1967ರಲ್ಲಿ ಅದು ಪ್ರಕಟವಾಯಿತು. ಗೂಡು ದೋಚಿದವರ ಡಬ್ಬಿಗಳೇ ಸಾಕ್ಷಿ ಹೇಳಿದವು! ಒಂದು ತಿದ್ದುಪಡಿ: ಬ್ರಿಟನ್ನಿನಲ್ಲಿ ಎಲ್ಲ ತಪ್ಪೂ ಡಿಡಿಟಿಯದಲ್ಲ. ಬಿತ್ತನೆ ಬೀಜಕ್ಕೆ ಹಚ್ಚುತ್ತಿದ್ದ ಡೈಎಲ್ಡ್ರಿನ್ ಎಂಬ ಇನ್ನೊಂದು ಕೀಟನಾಶಕ ಬೆಳೆದ ಚಾಣಗಳನ್ನೇ ನೇರವಾಗಿ ಕೊಂದಿತು.

ಅಮೆರಿಕದಲ್ಲಿ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ 1960ರ ದಶಕದ ನಡುವೆ ಮರಿ ಮಾಡುವ ಜೋಡಿಯೇ ಉಳಿದಿರಲಿಲ್ಲ. 1970ರಲ್ಲಿ ಪಕ್ಷಿತಜ್ಞ ಟಾಮ್ ಕೇಡ್ ಪೆರೆಗ್ರಿನ್ ಫಂಡ್ ಎಂಬ ಸಂಸ್ಥೆ ಕಟ್ಟಿ, ಸಾಕಿ ಬೆಳೆಸಿದ ಮರಿಗಳನ್ನು ಬಿಡುವ ಕೆಲಸ ಶುರು ಮಾಡಿದರು. 1972ರಲ್ಲಿ ಅಲ್ಲಿ ಡಿಡಿಟಿ ನಿಷೇಧ. 1999ರಲ್ಲಿ ಅಲ್ಲಿನ ಅಪಾಯದ ಪಟ್ಟಿಯಿಂದ ಹಕ್ಕಿಯ ಹೆಸರು ತೆಗೆದರು. ನಮ್ಮ ದೇಶದಲ್ಲಿ ಬೇಸಾಯಕ್ಕೆ ಡಿಡಿಟಿ ನಿಂತದ್ದು 1989ರಲ್ಲಿ, ಸೊಳ್ಳೆಯಂಥ ರೋಗ ಹರಡುವ ಕೀಟಗಳಿಗೆ ಮಾತ್ರ ಉಳಿಯಿತು. ಈ ಹಕ್ಕಿ ನಮ್ಮ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಹಿಡಿಯುವುದು, ಸಾಕುವುದು ಅಪರಾಧ.

ನಮ್ಮ ಕಡೆ ನನಗೆ ಜಾಸ್ತಿ ಚಿಂತೆ ಬಂಡೆಯದ್ದು. ಚಾಣ ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಚಾಚಿನ ಮೇಲಿನ ಮಣ್ಣು, ಗರಸನ್ನು ಎದೆಯಿಂದ ಒತ್ತಿ ಒಂದು ತಗ್ಗು ಮಾಡುತ್ತದೆ, ಅಷ್ಟೇ. ಅದರಲ್ಲಿ ಮೂರು ನಾಲ್ಕು ಮೊಟ್ಟೆ, ಒಂದು ತಿಂಗಳು ಕಾವು, ಮರಿ ಹಾರಲು ಇನ್ನೊಂದೂವರೆ ತಿಂಗಳು. ಒಳ್ಳೇ ಚಾಚು ಸಿಕ್ಕರೆ ವರ್ಷ ವರ್ಷ ಅಲ್ಲಿಗೇ ಬರುತ್ತದೆ. ಕೊಪ್ಪಳದ ಕಡೆ ಗ್ರಾನೈಟ್ ಗುಡ್ಡಗಳನ್ನು ಹಲಗೆ ಹಲಗೆಯಾಗಿ ಕೊಯ್ಯುವುದನ್ನು ನೋಡಿದಾಗ ಇದೇ ನೆನಪಾಗುತ್ತದೆ. ಬೇರೆ ಹಕ್ಕಿಗಾದರೆ ಇನ್ನೊಂದು ಮರ ನೆಡಬಹುದು. ಚಾಚು ನೆಡುವುದು ಹೇಗೆ?

ಬಳ್ಳಾರಿ ಗುಡ್ಡಕ್ಕೆ ಮಾರ್ಚ್ ಕೊನೆಗೆ ಮತ್ತೆ ಹೋಗಿದ್ದೆ. ಆ ಚಾಚಿನ ಹತ್ತಿರ ಹೋಗಲಿಲ್ಲ. ಜನ ಹತ್ತಿರ ಬಂದರೆ ಹಕ್ಕಿ ಏಳುತ್ತದೆ, ಆ ಬಿಸಿಲಿಗೆ ಮೊಟ್ಟೆ ಬೆಂದು ಹೋಗುತ್ತದೆ. ಕೆಳಗಿನ ಮೆಟ್ಟಿಲಲ್ಲೇ ಕೂತು ಬೈನಾಕ್ಯುಲರ್ ಹಿಡಿದೆ. ಒಂದು ಗಂಟೆ ಏನೂ ಇಲ್ಲ, ಸುಮ್ನೆ ಬಿಸಿಲು. ಆಮೇಲೆ ಗಂಡು ಬಂದು ಕೂತಿತು, ಕಾಲಲ್ಲಿ ಅರ್ಧ ಕಿತ್ತ ಒಂದು ಪಾರಿವಾಳ. ಬಂಡೆಯ ಮರೆಯಿಂದ ಹೆಣ್ಣು ಕಿರುಚುತ್ತಾ ಎದ್ದು ಬಂದು ಅದನ್ನು ಕಿತ್ತುಕೊಂಡಿತು.